ಜಿ ತಂತಿ ಒಂದೇ ಶ್ರುತಿ ಬಿಡುತ್ತೆ, ಬ್ರಾಕೆಟ್ ಹಾಕಿಸಲಾ?

ಕುಮಟಾದಲ್ಲಿದ್ದೀರಿ, ಲೆಸ್ ಪಾಲ್ ಮಾದರಿಯ ಗಿಟಾರ್, ಎರಡು ಹಾಡು ಮುಗಿಯೋದರೊಳಗೆ ಜಿ ತಂತಿ ಇಳಿದಿರುತ್ತೆ, ಸ್ಟ್ರಿಂಗ್ ಬಟ್ಲರ್ (ಗಿಟಾರಿನ ತಲೆಗೆ ಕೂರಿಸಿ ತಂತಿಗಳನ್ನು ನೇರವಾಗಿ ಸಾಗಿಸುವ ಬ್ರಾಕೆಟ್) ಹಾಕಿದರೆ ಶ್ರುತಿ ನಿಲ್ಲುತ್ತಾ ಅಂತ ಕೇಳಿದ್ದೀರಿ. ನಿಲ್ಲಬಹುದು. ಆದರೆ ದುಡ್ಡು ಬಿಚ್ಚುವ ಮೊದಲು ತಂತಿ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ನೋಡಿ.

ಜಿ ತಂತಿಯನ್ನು ಶ್ರುತಿಗೆ ತಂದು, ಜೋರಾಗಿ ಒಂದು ಬೆಂಡ್ ಮಾಡಿ (ಒತ್ತಿದ ತಂತಿಯನ್ನು ಬೆರಳಿಂದ ಪಕ್ಕಕ್ಕೆ ಎಳೆದು) ಬಿಡಿ. ಟ್ಯೂನರ್ ಮುಳ್ಳು ಕೆಳಗೇ ನಿಂತಿದೆಯಾ? ಈಗ ನಟ್‌ಗೂ (ಗಿಟಾರ್ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕೀಗೂ (ತಂತಿ ಬಿಗಿಸುವ ತಿರುಪು) ನಡುವಿನ ತಂತಿಯನ್ನು ಬೆರಳಿಂದ ಒತ್ತಿ ಬಿಡಿ. ಮುಳ್ಳು ಮೇಲೆ ಬಂದರೆ ಕಳ್ಳ ನಟ್‌ನಲ್ಲೇ ಇದ್ದಾನೆ. ಕೀ ತಿರುಗಿಸುವಾಗ ‘ಟಿಂಗ್’ ಅಂತ ಸದ್ದಾಗಿ ಶ್ರುತಿ ಹಾರುವುದೂ ಇದೇ ಕಾಯಿಲೆ.

ನಿಮ್ಮ ಲೆಸ್ ಪಾಲ್‌ನಂಥ ಗಿಬ್ಸನ್ ಮಾದರಿಯಲ್ಲಿ ಒಂದೊಂದು ಬದಿಗೆ ಮೂರು ಕೀ, ತಲೆ ಸುಮಾರು 17 ಡಿಗ್ರಿ ಹಿಂದಕ್ಕೆ ವಾಲಿರುತ್ತೆ. ಡಿ ಮತ್ತು ಜಿ ತಂತಿ ತುದಿಯ ಕೀಗಳಿಗೆ ಹೋಗಬೇಕು, ಹಾಗಾಗಿ ನಟ್ ದಾಟಿದ ಕೂಡಲೇ ಪಕ್ಕಕ್ಕೂ ತಿರುಗುತ್ತವೆ. ಬಟ್ಲರ್ ಆ ಪಕ್ಕದ ತಿರುವನ್ನು ಮಾತ್ರ ನೇರ ಮಾಡುತ್ತೆ. ನಟ್‌ನಲ್ಲಿ ತಂತಿ ಕೂರುವ ಸೀಳು, ಅಂದರೆ ಸ್ಲಾಟೇ ಇಕ್ಕಟ್ಟಾಗಿದ್ದರೆ ತಂತಿ ಆಗಲೂ ಸಿಕ್ಕಿಕೊಳ್ಳುತ್ತೆ. ಆರೂ ಕೀ ಒಂದೇ ಸಾಲಿನಲ್ಲಿರುವ ಸ್ಟ್ರಾಟ್ ಮಾದರಿಗಂತೂ ಅದು ಬೇಕಾಗಿಯೇ ಇಲ್ಲ.

ಮೊದಲು ಸ್ಲಾಟ್ ನೋಡಿಕೊಳ್ಳಿ. ಜಿ ಗಿಂತ ತೆಳುವಾದ ಹಳೇ ತಂತಿಗೆ ನಯವಾದ ಮರಳು ಕಾಗದ ಸುತ್ತಿ, ಸ್ಲಾಟ್‌ನ ಎರಡು ಗೋಡೆಗಳನ್ನು ಹಗುರವಾಗಿ ಉಜ್ಜಿ. ತಳ ಮುಟ್ಟಬೇಡಿ. ಸ್ಲಾಟ್ ಆಳವಾದರೆ ಖಾಲಿ ತಂತಿ ಮೊದಲ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಗೆರೆ) ತಾಗಿ ಝುಂಯ್ ಅನ್ನುತ್ತೆ, ಆಮೇಲೆ ಹೊಸ ನಟ್ಟೇ ಗತಿ. ಉಜ್ಜಿದ ಮೇಲೆ 6ಬಿ ಪೆನ್ಸಿಲ್‌ನ ಪುಡಿ ತುಂಬಿ. ಅಂಗಡಿಯವರು ಇದನ್ನು ಹೇಳಲ್ಲ, ಅವರ ಹೊಟ್ಟೆಪಾಡು ಅಲ್ವಾ!

ಲಾಕಿಂಗ್ ಕೀ (ತಂತಿಯನ್ನು ಕಚ್ಚಿ ಹಿಡಿಯುವ ಕೀ) ಹಾಕಿಸಿ ಅಂತ ಜಾಸ್ತಿ ಜನ ಹೇಳ್ತಾರೆ. ಕೀ ಮೇಲೆ ತಂತಿ ಅಡ್ಡಾದಿಡ್ಡಿ ಸುತ್ತಿದ್ದರೆ ಅದರಿಂದ ಲಾಭ ಇದೆ. ಎರಡು ಮೂರು ಸುತ್ತು ಅಚ್ಚುಕಟ್ಟಾಗಿ ಬಿದ್ದಿದ್ದರೆ ಸಾದಾ ಕೀ ಸಾಕು. ಫ್ಲಾಯ್ಡ್ ರೋಸ್ ಅನ್ನುವ ಬ್ರಿಡ್ಜ್ ವ್ಯವಸ್ಥೆ ನಟ್ಟಿನಲ್ಲೇ ತಂತಿಯನ್ನು ಬಿಗಿಯುತ್ತೆ, ಭದ್ರ. ಆದರೆ ಅದಕ್ಕೆ ನಿಮ್ಮ ಗಿಟಾರಿನ ಮರ ಕೊರೆಯಬೇಕು. ಸುಮ್ನೆ ಬೇಡ.

ಇನ್ನು ನಮ್ಮ ಕರಾವಳಿಯ ಮಳೆಗಾಲ. ನಾನು ಕಾರವಾರದಲ್ಲಿ ಮದುವೆ ಬ್ಯಾಂಡ್‌ಗಳಿಗೆ ನುಡಿಸುವವನು. ಜೂನ್ ಬಂತೆಂದರೆ ಯಕ್ಷಗಾನದ ಮದ್ದಳೆಯಿಂದ ಹಿಡಿದು ಎಲ್ಲ ವಾದ್ಯಕ್ಕೂ ಥಂಡಿ ಹಿಡಿಯುತ್ತೆ. ಆರೂ ತಂತಿ ಒಟ್ಟಿಗೆ ಏರಿದರೆ ಅಥವಾ ಇಳಿದರೆ ಅದು ನೆಕ್ಕಿನ ಮರದ ಆಟ, ಯಾವ ಬ್ರಾಕೆಟ್ಟಿಗೂ ಬಗ್ಗಲ್ಲ. ತುಕ್ಕು ಹಿಡಿದ ತಂತಿ ಸ್ಲಾಟ್‌ನಲ್ಲಿ ಗರಗಸದ ಹಾಗೆ ಕಚ್ಚುತ್ತೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿಡಿ.

ಇನ್ನೊಂದು. ಇ ಕಾರ್ಡ್‌ನಲ್ಲಿ ಜಿ ತಂತಿ ಅಪಸ್ವರ ಅನ್ನಿಸಿ ನೀವೇ ಕೀ ಇಳಿಸುತ್ತಿಲ್ಲ ತಾನೇ? ಆ ಕಾರ್ಡ್‌ನ ಗಾಂಧಾರ ಇರುವುದೇ ಆ ತಂತಿಯಲ್ಲಿ. ಫ್ರೆಟ್‌ಗಳ ಸಮಪಾಲು ಲೆಕ್ಕದಲ್ಲಿ ಅದು ಶುದ್ಧ ಸ್ವರಕ್ಕಿಂತ ಸುಮಾರು 14 ಸೆಂಟ್ (ಪಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರದ ಅಂತರದಲ್ಲಿ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿರುತ್ತೆ. ಅದನ್ನು ಇಳಿಸಿದರೆ ಡಿ ಕಾರ್ಡ್ ಕೆಡುತ್ತೆ. ಟ್ಯೂನರ್ ತೋರಿಸಿದಲ್ಲೇ ಬಿಟ್ಟು ನುಡಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಬೆಂಡ್ ಮಾಡಿದಾಗ ಇಳಿದರೆ ಬಟ್ಲರ್ ತರಿಸಿಕೊಳ್ಳಿ. ಕೀಯ ಬೋಲ್ಟ್ ಕೆಳಗೇ ಕೂರುತ್ತೆ, ತೂತು ಕೊರೆಯೋದು ಬೇಡ, ಇಷ್ಟವಾಗದಿದ್ದರೆ ಬಿಚ್ಚಿಡಬಹುದು.