‘ಆದರೆ’ ಎಂಬ ಪದದ ನಂತರ: ಒಂದು ಆಪ್ತಸಲಹೆ ಪ್ರಕರಣ

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಬೋಧಿಸುವ, ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ತಮ್ಮ ಮೊದಲ ಕನ್ನಡ ಕಾದಂಬರಿ ಹೊರಬಂದ ಮೂರು ತಿಂಗಳ ಬಳಿಕ ನನ್ನನ್ನು ಕಾಣಲು ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಪುಸ್ತಕದ ಮಾತೆತ್ತಿದರೆ ಅವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಮನೆಯಲ್ಲಿದ್ದ ಪ್ರತಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ರದ್ದಿಗೆ ಹಾಕಲು ಹೊರಟಾಗ ಪತಿ ತಡೆದು, ನನ್ನ ಬಳಿ ಕರೆತಂದಿದ್ದರು.

ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದೆ. ಇಲ್ಲವೆಂದರು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ತಿಳಿಸಿ, ವಿಮರ್ಶೆಗಳನ್ನು ತರಲು ಹೇಳಿದೆ.

ತಂದದ್ದು ನಾಲ್ಕು ತುಣುಕುಗಳು. ಮಡಿಚಿ ಮಡಿಚಿ ಒಂದರ ಗೆರೆ ಹರಿಯುವಂತಾಗಿತ್ತು. ಅದರ ಮೊದಲ ಮೂರು ಪ್ಯಾರಾಗಳು ಕಾದಂಬರಿಯ ತಾಯಿಯ ಪಾತ್ರವನ್ನು ಮನಸಾರೆ ಮೆಚ್ಚಿದ್ದವು. ನಾಲ್ಕನೆಯದು ‘ಆದರೆ’ ಎಂದು ಶುರುವಾಗಿ, ಉತ್ತರಾರ್ಧದಲ್ಲಿ ಪಾತ್ರಗಳ ಆಡುಮಾತು ಪತ್ರಿಕೆಯ ಭಾಷೆಯಾಗಿಬಿಟ್ಟಿದೆ ಎಂದಿತ್ತು. ಕೆಂಪು ಶಾಯಿಯ ಗೆರೆ ಎಳೆದದ್ದು ಅಲ್ಲಿಂದ ಮುಂದಕ್ಕೆ ಮಾತ್ರ.

“ಎಲ್ಲ ಬೈದಿದ್ದರೆ ಹೊಟ್ಟೆಕಿಚ್ಚು ಅಂತ ಸುಮ್ಮನಾಗ್ತಿದ್ದೆ ಮೇಡಂ. ಇವರು ಪುಸ್ತಕ ಓದಿದಾರೆ,” ಎಂದರು.

ಈ ಮಾತಿನಲ್ಲೇ ಅವರ ನೋವಿನ ಬೇರು ಇತ್ತೆಂದು ನನಗನಿಸಿತು. ಮಿಶ್ರ ವಿಮರ್ಶೆ ಬರೀ ಟೀಕೆಗಿಂತ ಆಳಕ್ಕೆ ಇಳಿಯುತ್ತದೆ. ಏಕೆಂದರೆ ಅದರಲ್ಲಿರುವ ಮೆಚ್ಚುಗೆಯೇ ಆಕ್ಷೇಪವನ್ನು ನಂಬುವಂತೆ ಮಾಡುತ್ತದೆ. ಹಾಗೆ ಆಕ್ಷೇಪಕ್ಕೆ ಕೊಟ್ಟ ನಂಬಿಕೆಯನ್ನು, ಅದೇ ವ್ಯಕ್ತಿ ಅದೇ ಗಂಭೀರತೆಯಿಂದ ಬರೆದ ಮೆಚ್ಚುಗೆಗೆ ಅವರು ಕೊಟ್ಟಿರಲಿಲ್ಲ. ಮೊದಲ ಮೂರು ಪ್ಯಾರಾಗಳನ್ನು ಗಟ್ಟಿಯಾಗಿ ಓದಲು ಹೇಳಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಅವರ ಗಂಟಲು ಕಟ್ಟಿತು.

ಇಂಗ್ಲಿಷ್ ಕಾದಂಬರಿಗಾರ್ತಿ ಎಮಿಲಿ ಬ್ರಾಂಟೆಯನ್ನೂ ಬೈದಿದ್ದರಲ್ಲ ಎಂದು ಸಹೋದ್ಯೋಗಿಗಳು ಹೇಳುವ ಸಮಾಧಾನ ತಮಗೆ ಹಿಂಸೆಯಾಗುತ್ತಿದೆ ಎಂದು ಮುಂದಿನ ಭೇಟಿಯಲ್ಲಿ ಹೇಳಿಕೊಂಡರು. ಅದು ನ್ಯಾಯವೇ. ನೊಂದವರಿಗೆ ನೀವೂ ಮಹಾ ಲೇಖಕಿಯಾಗಬಹುದು ಎನ್ನುವುದು ಮತ್ತೊಂದು ಹೊರೆ. ಆದರೂ ಆ ಪ್ರಸಂಗದ ಒಂದು ವಿವರವನ್ನು ನಾನು ಬಿಡಲಿಲ್ಲ. ಎಮಿಲಿಯ ಕಾದಂಬರಿ ‘ವುದರಿಂಗ್ ಹೈಟ್ಸ್’ 1847ರ ಡಿಸೆಂಬರ್‌ನಲ್ಲಿ ಎಲಿಸ್ ಬೆಲ್ ಎಂಬ ಗುಪ್ತನಾಮದಲ್ಲಿ ಬಂದಾಗ ಹಲವು ವಿಮರ್ಶಕರು ಅದರ ಶಕ್ತಿಯನ್ನು ಒಪ್ಪಿಯೂ ಅದರ ಕ್ರೌರ್ಯಕ್ಕೆ, ಒರಟುತನಕ್ಕೆ ಬೆಚ್ಚಿದ್ದರು. ಗಣನೀಯ ಶಕ್ತಿಯ ಕುರುಹುಗಳುಳ್ಳ, ಒಟ್ಟಾರೆ ಗೊಂದಲಮಯವಾದ ವಿಚಿತ್ರ ಪುಸ್ತಕವೆಂದು ಲಂಡನ್ನಿನ ವಾರಪತ್ರಿಕೆ ‘ಎಕ್ಸಾಮಿನರ್’ ಬರೆದಿತ್ತು. 1848ರ ಡಿಸೆಂಬರ್ 19ರಂದು, ಮೂವತ್ತನೆಯ ವಯಸ್ಸಿನಲ್ಲಿ ಎಮಿಲಿ ತೀರಿಕೊಂಡ ಮೇಲೆ ಆಕೆಯ ಬರವಣಿಗೆಯ ಪೆಟ್ಟಿಗೆಯಲ್ಲಿ ಐದು ವಿಮರ್ಶೆಗಳ ತುಣುಕುಗಳು ಸಿಕ್ಕವು. ‘ಎಕ್ಸಾಮಿನರ್’ನದೂ ಅವುಗಳಲ್ಲಿತ್ತು. ಮೆಚ್ಚುಗೆಯನ್ನಷ್ಟೇ ಆಯ್ದುಕೊಳ್ಳದೆ, ಆಕ್ಷೇಪವನ್ನಷ್ಟೇ ಗೀಚದೆ, ಎರಡೂ ಇದ್ದ ಹಾಳೆಯನ್ನು ಆಕೆ ಹಾಗೆಯೇ ಇಟ್ಟುಕೊಂಡಿದ್ದಳು. ನನ್ನೆದುರು ಕುಳಿತಿದ್ದವರು ಆ ಕಾದಂಬರಿಯನ್ನು ವರ್ಷಗಟ್ಟಲೆ ಪಾಠ ಮಾಡಿದವರು. ಬಹಳ ಹೊತ್ತು ಮಾತಾಡಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ರಾತ್ರಿ ಊಟವಾದ ಮೇಲೆ ಆ ಫೈಲನ್ನು ಮುಟ್ಟಬಾರದು. ವಿಮರ್ಶಕರಿಗೆ ಉತ್ತರ ಬರೆಯಲೇಬೇಕೆನಿಸಿದರೆ ಬರೆದು ನನ್ನ ಬಳಿ ತರಬೇಕು, ಕಳಿಸಬಾರದು. ಒಂದೊಂದು ಆಕ್ಷೇಪವನ್ನೂ ಪುಸ್ತಕದ ಪುಟ ತೆರೆದು ಪರೀಕ್ಷಿಸಲು ಸಾಧ್ಯವೇ ಎಂದು ನೋಡಬೇಕು. ಸಾಧ್ಯವಾದದ್ದು ಬರವಣಿಗೆಯ ಕುರಿತದ್ದು, ಉಳಿದದ್ದು ಓದಿದವರ ರುಚಿ. ಪ್ರತಿಗಳನ್ನು ಏನು ಮಾಡುವುದೆಂಬ ತೀರ್ಮಾನವನ್ನು, ನಿದ್ದೆ ಸರಿಹೋಗುವ ತನಕ, ಪೂರ್ತಿ ಮುಂದೂಡಬೇಕು. ಮೈಸೂರಿನಲ್ಲಿದ್ದ ಆರ್. ಕೆ. ನಾರಾಯಣ್ ತಮ್ಮ ಮೊದಲ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದಾಗ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆಯೆಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದಿದ್ದರು. ಗೆಳೆಯ ಆ ಮಾತು ಕೇಳದೆ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ತೋರಿಸಿದ್ದರಿಂದ 1935ರಲ್ಲಿ ಅದು ಪುಸ್ತಕವಾಯಿತು. ನಿಮ್ಮ ಮನೆಯಲ್ಲಿ ಆ ಗೆಳೆಯನ ಕೆಲಸವನ್ನು ನಿಮ್ಮ ಯಜಮಾನರು ಮಾಡಿದ್ದಾರೆ ಎಂದಾಗ ಅವರು ಮೊದಲ ಸಲ ನಕ್ಕರು.

ಮೂರನೆಯ ವಾರದ ಹೊತ್ತಿಗೆ ಅವರಿಗೆ ಬೆಳಗಿನ ಐದರವರೆಗೆ ನಿದ್ದೆ ಬರುತ್ತಿತ್ತು. ಆರನೆಯ ಭೇಟಿಗೆ ಬಂದಾಗ ತಮ್ಮದೇ ಕಾದಂಬರಿಯ ಒಂದು ಪ್ರತಿ ಕೈಯಲ್ಲಿತ್ತು. ಧಾರವಾಡ ಸೀಮೆಯ ತಮ್ಮ ತಾಯಿಯನ್ನು ಎದುರು ಕೂರಿಸಿಕೊಂಡು ಉತ್ತರಾರ್ಧದ ಸಂಭಾಷಣೆಗಳನ್ನು ಓದಿ ಹೇಳಿದರಂತೆ. ಹನ್ನೊಂದು ಕಡೆ ಆ ತಾಯಿ ಕೈಯೆತ್ತಿ, “ನಾವು ಹಿಂಗ ಅನ್ನೂದಿಲ್ಲವಾ,” ಎಂದು ನಿಲ್ಲಿಸಿ, ಹೇಗೆ ಅನ್ನುತ್ತೇವೆಂದು ತಿದ್ದಿಕೊಟ್ಟಿದ್ದರು. ಅಂಚಿನಲ್ಲಿ ಆ ಮಾತುಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು.