ತಪ್ಪಿದ ಭವಿಷ್ಯಗಳನ್ನೂ ಬರೆಯಿರಿ

ನಮಸ್ಕಾರ,

ಸಿಲ್ವಿಯಾ ಬ್ರೌನ್ ಬಗ್ಗೆ ನೀವು ಕಳಿಸಿದ ‘ಕೊರೊನಾವನ್ನು ಮೊದಲೇ ಕಂಡವಳು’ ಲೇಖನ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕುವುದಕ್ಕೆ ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ತೊಂದರೆ ಇರುವುದು ಲೆಕ್ಕದಲ್ಲಿ.

2020ರ ಹೊತ್ತಿಗೆ ನ್ಯುಮೋನಿಯಾದಂಥ ಕಾಯಿಲೆ ಲೋಕಕ್ಕೆಲ್ಲ ಹಬ್ಬುತ್ತದೆ ಎಂದು ಈ ಅಮೆರಿಕದ ಭವಿಷ್ಯಗಾರ್ತಿ 2008ರ ಪುಸ್ತಕದಲ್ಲಿ ಬರೆದದ್ದು ನಿಜ. ನೀವು ಅಲ್ಲಿಗೇ ನಿಲ್ಲಿಸಿದ್ದೀರಿ. ಆದರೆ ಅದೇ ಜಾಗದಲ್ಲಿ ಆಕೆ, ಆ ಕಾಯಿಲೆ ಬಂದಷ್ಟೇ ಬೇಗ ಮಾಯವಾಗುತ್ತದೆ, ಹತ್ತು ವರ್ಷ ಬಿಟ್ಟು ಇನ್ನೊಮ್ಮೆ ಬಂದು ಆಮೇಲೆ ಪೂರ್ತಿ ಹೋಗುತ್ತದೆ ಎಂದೂ ಬರೆದಿದ್ದಾರೆ. ಬೇಗ ಮಾಯವಾಯಿತಾ? 2021ರಲ್ಲಿ ಬೆಂಗಳೂರಿನಲ್ಲಿ ಒಂದು ಬೆಡ್‌ಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವರನ್ನು ಕೇಳಿ ನೋಡಿ. ಅದೂ ಅಲ್ಲದೆ 2003ರಲ್ಲೇ ಸಾರ್ಸ್ ಎಂಬ ಶ್ವಾಸಕೋಶದ ಸೋಂಕು ಜಗತ್ತನ್ನು ಹೆದರಿಸಿ ಹೋಗಿತ್ತು, ಇಂಥದ್ದೊಂದು ಊಹೆ ಮಾಡಲು ದಿವ್ಯದೃಷ್ಟಿಯೇನೂ ಬೇಕಿರಲಿಲ್ಲ.

ತಪ್ಪಿದವು ಎಲ್ಲಿ? ಅಮೆರಿಕದ ಕ್ಲೀವ್‌ಲ್ಯಾಂಡಿನ ಹುಡುಗಿ ಅಮಾಂಡಾ ಬೆರಿ ಕಾಣೆಯಾದಾಗ, 2004ರಲ್ಲಿ ಟಿವಿಯಲ್ಲೇ ಆಕೆಯ ತಾಯಿಗೆ ‘ನಿಮ್ಮ ಮಗಳು ಬದುಕಿಲ್ಲ’ ಎಂದುಬಿಟ್ಟರು ಬ್ರೌನ್. ತಾಯಿ 2006ರಲ್ಲಿ ತೀರಿಕೊಂಡರು. ಮಗಳು 2013ರಲ್ಲಿ ಅಪಹರಿಸಿದವನ ಮನೆಯಿಂದ ಜೀವಂತ ಹೊರಗೆ ಬಂದಳು. ಇದರ ಒಂದು ಸಾಲೂ ನಿಮ್ಮ ಲೇಖನದಲ್ಲಿಲ್ಲ, ನನಗೆ ಸಿಟ್ಟು ಬಂದದ್ದು ಇಲ್ಲೇ. ಇಂಥ ಹೇಳಿಕೆಗಳನ್ನು ಪರೀಕ್ಷೆಗೆ ಹಚ್ಚುವ ‘ಸ್ಕೆಪ್ಟಿಕಲ್ ಇನ್‌ಕ್ವೈರರ್’ ಪತ್ರಿಕೆ 2010ರಲ್ಲಿ, ಕಾಣೆಯಾದವರು ಮತ್ತು ಕೊಲೆಯಾದವರ ಬಗ್ಗೆ ಆಕೆ ಹೇಳಿದ್ದ 115 ಪ್ರಕರಣಗಳನ್ನು ಪರಿಶೀಲಿಸಿ ಪ್ರಕಟಿಸಿತು. ಬಹುಪಾಲು ಸರಿ ಅನ್ನಬಹುದಾದದ್ದು ಒಂದೂ ಸಿಗಲಿಲ್ಲ. 88ಕ್ಕೆ ಸಾಯುತ್ತೇನೆ ಅಂದಿದ್ದ ಆಕೆ ತೀರಿಕೊಂಡದ್ದು 77ಕ್ಕೆ.

ಅಮೆರಿಕದ ಇನ್ನೊಬ್ಬ ಭವಿಷ್ಯಗಾರ್ತಿ ಜೀನ್ ಡಿಕ್ಸನ್, ಅಧ್ಯಕ್ಷ ಕೆನಡಿ ಸಾವನ್ನು ಮೊದಲೇ ಹೇಳಿದ್ದರು ಅಂತ ಕೊನೆಯಲ್ಲಿ ಸೇರಿಸಿದ್ದೀರಿ. 1956ರಲ್ಲಿ ಹೇಳಿದ್ದು, 1960ರ ಚುನಾವಣೆಯನ್ನು ಡೆಮಾಕ್ರಟಿಕ್ ಪಕ್ಷದವರು ಗೆಲ್ಲುತ್ತಾರೆ, ಗೆದ್ದವರು ಅಧಿಕಾರದಲ್ಲಿದ್ದಾಗಲೇ ಸಾಯುತ್ತಾರೆ ಅಂತ. ಹೆಸರಿಲ್ಲ. ಆಮೇಲೆ 1960ರಲ್ಲಿ, ಎದುರು ಪಕ್ಷದ ನಿಕ್ಸನ್ ಗೆಲ್ಲುತ್ತಾರೆ ಅಂತಲೂ ಅಂದರು. ನಮ್ಮ ರೇಸ್‌ಕೋರ್ಸಿನಲ್ಲಿ ಎರಡು ಕುದುರೆಗೂ ದುಡ್ಡು ಕಟ್ಟಿ, ಗೆದ್ದ ಚೀಟಿಯನ್ನು ಮಾತ್ರ ತೋರಿಸಿದ ಹಾಗಾಯ್ತು, ಅಲ್ವಾ?

ಇಷ್ಟು ಬೈದ ಮೇಲೆ ಒಂದು ಒಳ್ಳೆಯ ಮಾತು. ನಿಮ್ಮ ಸೋದರತ್ತೆ ಮಲ್ಲೇಶ್ವರದಲ್ಲಿ ಒಬ್ಬರ ಹತ್ತಿರ ಭವಿಷ್ಯ ಕೇಳಲು ಹೋದದ್ದು, ನೀವೂ ಜೊತೆಗಿದ್ದದ್ದು, ಅದೊಂದು ಪ್ಯಾರಾದಲ್ಲಿ ಜೀವ ಇದೆ. ಅದನ್ನು ‘ಎಲ್ಲಾ ಸರಿಯಾಗಿ ಹೇಳಿದರು’ ಅಂತ ಸುಮ್ನೆ ಮುಗಿಸಿಬಿಟ್ಟಿದ್ದೀರಿ. ‘ಮನೆಯಲ್ಲಿ ಸ ಅಕ್ಷರದವರು ಯಾರೋ ಇದ್ದಾರೆ’ ಅಂದರಂತೆ. ಸುರೇಶ, ಸರೋಜಾ, ಸಾವಿತ್ರಿ, ಸತೀಶ, ಸಂಧ್ಯಾ ಇವರಲ್ಲಿ ಒಬ್ಬರೂ ಇಲ್ಲದ ಮನೆ ನಮ್ಮ ಕಡೆ ಎಷ್ಟಿರಬಹುದು? ‘ಎದೆಯ ಹತ್ತಿರ ಏನೋ ತೊಂದರೆ’ ಅಂದಾಗ ಅತ್ತೆ ‘ಹೂಂ, ಇವರಿಗೆ ಹಾರ್ಟ್ ಆಪರೇಷನ್ ಆಯ್ತಲ್ಲ’ ಅಂದರು ಎಂದು ನೀವೇ ಬರೆದಿದ್ದೀರಿ. ಅಂದರೆ ಆಪರೇಷನ್ ವಿಷಯ ಬಾಯಿಬಿಟ್ಟವರು ಅತ್ತೆ. ಮೂರು ಸಾಲು ಕೆಳಗೆ ಅದೇ ಸಂಗತಿ ‘ಅವರೇ ಹೇಳಿಬಿಟ್ಟರು!’ ಅಂತಾಗಿದೆ. ಅತ್ತೆ ಸುಳ್ಳು ಹೇಳುತ್ತಿಲ್ಲ, ನೆನಪು ಹೀಗೆಯೇ ಕೆಲಸ ಮಾಡುತ್ತದೆ. ಬರ್ಟ್ರಾಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದೇ ಬರಹವನ್ನು ‘ಇದು ನಿನ್ನ ಸ್ವಭಾವ’ ಅಂತ ಹಂಚಿ, ಎಷ್ಟು ಹೊಂದುತ್ತದೆ ಎಂದು ಅಂಕ ಕೊಡಲು ಹೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂದಿತ್ತು. ಓದಿದವರೂ ಅತ್ತೆಯ ಹಾಗೆಯೇ ತಲೆಯಾಡಿಸಿದ್ದರು.

ಹಾಗಾಗಿ ಅಮೆರಿಕದ ಭಾಗವನ್ನು ಅರ್ಧಕ್ಕೆ ಇಳಿಸಿ, ಮಲ್ಲೇಶ್ವರವನ್ನು ಮೊದಲಿಗೆ ತನ್ನಿ. ಅತ್ತೆ ಒಪ್ಪಿದರೆ ಇನ್ನೊಮ್ಮೆ ಹೋಗಿ, ಭವಿಷ್ಯ ಹೇಳುವವರ ಅನುಮತಿ ಕೇಳಿಯೇ ರೆಕಾರ್ಡ್ ಮಾಡಿ. ಯಾವ ಮಾತು ಮೊದಲು ಯಾರ ಬಾಯಿಂದ ಬಂತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ, ನಿಮ್ಮ ಬೆರಗನ್ನೂ ಬಿಡಬೇಡಿ. ಶೀರ್ಷಿಕೆಯಲ್ಲಿ ‘ಕಂಡವಳು’ ಬೇಡ. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ಮತ್ತೆ ಓದುತ್ತೇನೆ.