ಬಾಂಡ್ ಪೇಪರಿನಲ್ಲಿ ಸನ್ನದು ಕೈ ಬದಲಾಗುವುದಿಲ್ಲ

ತೀರ್ಥಹಳ್ಳಿ ಕಡೆಯ ಓದುಗರೇ, ನಿಮ್ಮ ಪತ್ರ ತಲುಪಿತು. ಊರಿನವರೊಬ್ಬರ ಹೆಸರಲ್ಲಿದ್ದ ಸಿಎಲ್-2 (ಚಿಲ್ಲರೆ ಮಾರಾಟದ) ಮದ್ಯದಂಗಡಿಯನ್ನು ನಿಮ್ಮ ತಂದೆ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು ವರ್ಷಗಟ್ಟಲೆ ನಡೆಸಿದರು. ಈಗ ಸನ್ನದುದಾರರು, ಅಂದರೆ ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರು, ತೀರಿಕೊಂಡಿದ್ದಾರೆ. ಅವರ ಮಕ್ಕಳು ಅಂಗಡಿ ಬಿಡಿ ಅನ್ನುತ್ತಿದ್ದಾರೆ. ‘ದುಡ್ಡು ಕೊಟ್ಟಿದ್ದೇವೆ, ಲೈಸೆನ್ಸ್ ನಮ್ಮದೇ ಅಲ್ವಾ?’ ಎಂದು ಕೇಳಿದ್ದೀರಿ.

ಅಲ್ಲ. ಬೇಜಾರಾದರೂ ನೇರವಾಗಿಯೇ ಹೇಳಬೇಕು. ಸನ್ನದು ಅಡಿಕೆ ತೋಟದ ಹಾಗೆ ಮಾರಿ ಕೊಳ್ಳುವ ಆಸ್ತಿಯಲ್ಲ. ಜುಲೈ 1ರಿಂದ ಜೂನ್ 30ರವರೆಗೆ ಸರ್ಕಾರ ಕೊಡುವ ಅನುಮತಿ ಅಷ್ಟೇ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಖೋಡೇ ಡಿಸ್ಟಿಲರೀಸ್ ಪ್ರಕರಣದಲ್ಲಿ ಹೇಳಿದೆ.

ಇಂಥ ವ್ಯವಹಾರ ಹುಟ್ಟಿದ್ದಕ್ಕೂ ಕಾರಣವಿದೆ. 1992ರಲ್ಲಿ ರಾಜ್ಯ ಸರ್ಕಾರ ಹೊಸ ಸಿಎಲ್-2, ಸಿಎಲ್-9 (ಬಾರ್) ಸನ್ನದು ಕೊಡುವುದನ್ನು ನಿಲ್ಲಿಸಿತು. ದಶಕಗಳ ಕಾಲ ಹಾಗೇ ಇತ್ತು. ಇದ್ದ ಸನ್ನದುಗಳಿಗೆ ಬೆಲೆ ಏರುತ್ತಲೇ ಹೋಯಿತು. ಹೆಸರು ಒಬ್ಬರದ್ದು, ಗಲ್ಲಾದಲ್ಲಿ ಕೂರುವವರು ಇನ್ನೊಬ್ಬರು. ಇದರಲ್ಲಿ ಕೊನೆಗೆ ನೋಯುವುದು ಬೆಳಗಿನಿಂದ ರಾತ್ರಿವರೆಗೆ ದುಡಿದವರೇ. ಅದು ನನಗೆ ತುಂಬಾ ಬೇಸರದ ವಿಷಯ.

ನೀವು ಕಳಿಸಿದ ಬಾಂಡ್ ಪೇಪರಿನ ಜೆರಾಕ್ಸ್ ನೋಡಿದೆ. ‘ಲಾಭ ನಷ್ಟ ಎಲ್ಲವೂ ಎರಡನೇ ಪಾರ್ಟಿಗೆ (ಅಂದರೆ ನಿಮ್ಮ ತಂದೆಗೆ) ಸೇರಿದ್ದು’ ಎಂದು ಬರೆಸಿದ್ದೀರಿ. ಈ ಸಾಲೇ ನಿಮಗೆ ಮುಳುವಾಗಬಹುದು. ಇಲಾಖೆಯ ಅನುಮತಿಯಿಲ್ಲದೆ ಬೇರೆಯವರ ಸನ್ನದು ನಡೆಸಿದಿರಿ ಎಂಬುದಕ್ಕೆ ಅದು ನಿಮ್ಮದೇ ಸಾಕ್ಷಿ. ಅಂಗಡಿಗಳಿಗೆ ಮದ್ಯ ಪೂರೈಸುವ ಸರ್ಕಾರಿ ಪಾನೀಯ ನಿಗಮದ ಡಿಪೋದಿಂದ ಬರುವ ಬಿಲ್ಲುಗಳೆಲ್ಲ ಸನ್ನದುದಾರರ ಹೆಸರಲ್ಲೇ ಇರುತ್ತವೆ. ಕಾನೂನಿಗೆ ವಿರುದ್ಧವಾದ ಉದ್ದೇಶದ ಕರಾರು ನಿಲ್ಲುವುದಿಲ್ಲ ಎನ್ನುತ್ತದೆ 1872ರ ಕರಾರು ಕಾಯ್ದೆಯ 23ನೇ ಕಲಂ. ಆ ಬಾಂಡ್ ಪೇಪರ್ ಹಿಡಿದು ಕೋರ್ಟಿಗೆ ಹೋದರೆ ಗೆಲ್ಲುವುದು ಕಷ್ಟ.

ದಾರಿ ಇಲ್ಲವೇ ಅಂದರೆ, ಇದೆ. ಮೊದಲು ವಾರಸುದಾರರು ಸನ್ನದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಅವರು ಒಪ್ಪಿದರೆ, ಅಬಕಾರಿ ಇಲಾಖೆಯ ಮುಂಚಿನ ಅನುಮತಿ ಪಡೆದು, ಶುಲ್ಕ ಕಟ್ಟಿ ನಿಮ್ಮ ಹೆಸರಿಗೆ ವರ್ಗ ಮಾಡಿಸಲು ಅರ್ಜಿ ಹಾಕಬಹುದು. ಗಂಡುಮಕ್ಕಳ ಜೊತೆ ಮಾತ್ರ ಮಾತಾಡಿ ಬರಬೇಡಿ. ಮದುವೆಯಾಗಿ ಹೋದ ಮಗಳು ತಕರಾರು ತೆಗೆದರೂ ಫೈಲು ಅಲ್ಲೇ ನಿಲ್ಲುತ್ತದೆ. ವಂಶವೃಕ್ಷದಲ್ಲಿರುವ ಎಲ್ಲರನ್ನೂ ಕೂರಿಸಿ.

ಕಟ್ಟಡದ ಅಡ್ವಾನ್ಸ್, ಫ್ರಿಜ್ಜು, ರ‍್ಯಾಕುಗಳ ದುಡ್ಡು ಬೇರೆ ಲೆಕ್ಕ. ಅದರ ರಸೀದಿಗಳನ್ನು ಹುಡುಕಿಟ್ಟುಕೊಂಡು, ಶಿವಮೊಗ್ಗದಲ್ಲಿ ಅಬಕಾರಿ ಕೇಸು ನಡೆಸುವ ವಕೀಲರನ್ನು ಮೊದಲು ಕಾಣಿ. ಇಲಾಖೆಯಿಂದ ಲಿಖಿತ ಅನುಮತಿ ಸಿಗುವವರೆಗೆ ಅಂಗಡಿಯಲ್ಲಿ ಒಂದು ಬಾಟಲಿಯನ್ನೂ ಮಾರಬೇಡಿ.